ಮೆಕ್ಕೆಜೋಳದ ಪಿಷ್ಟ ಕರಗಿಸುವ ಅಮೈಲೇಸ್‌: ಮ್ಯುಟೇಶನ್ ಮೂಲಕ ಅದರ ಚುರುಕು ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಸುತ್ತಿನ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ಕಾಳನ್ನು ಒಣಗಿಸಿ ತೂಗಿದರೆ, ಆ ತೂಕದಲ್ಲಿ ಸುಮಾರು ಶೇ. 70ರಷ್ಟು ಬರೀ ಪಿಷ್ಟ. ಅದರಿಂದ ಗ್ಲೂಕೋಸ್ ಸಿರಪ್ ಮಾಡಲಿ, ಎಥೆನಾಲ್ ಮಾಡಲಿ, ಮೊದಲ ಏಟು ಹಾಕುವುದು ಆಲ್ಫಾ ಅಮೈಲೇಸ್ ಎಂಬ ಕಿಣ್ವ. ಬಟ್ಟೆ ಗಿರಣಿಗಳಲ್ಲಿ ಹಾಸಿನ ನೂಲಿಗೆ ಹಾಕಿದ ಗಂಜಿಯನ್ನು ಆಮೇಲೆ ತೆಗೆಯಲೂ ಇದೇ ಕಿಣ್ವ ಬೇಕು. ಹೀಗಾಗಿ ನಮ್ಮ ಭಾಗದ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ, ಚಿಕ್ಕ ಕಿಣ್ವ ಘಟಕ ನಡೆಸುವವರಿಗೆ ಅಮೈಲೇಸ್‌ಗಿಂತ ಒಳ್ಳೆಯ ಅಭ್ಯಾಸದ ವಸ್ತು ಇಲ್ಲ. ಈ ಬರಹದಲ್ಲಿ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಬ್ಯಾಕ್ಟೀರಿಯಾದ ಅಮೈಲೇಸನ್ನು ಇಟ್ಟುಕೊಂಡು ಪ್ರತಿ ಹಂತವನ್ನೂ ಹೇಳಿದೆ. ಪ್ರೋಟಿಯೇಸ್, ಲೈಪೇಸ್, ಕ್ಸೈಲನೇಸ್ ಯಾವುದಿದ್ದರೂ ದಾರಿ ಇದೇ, ಬದಲಾಗುವುದು ಅಳತೆಯ ವಿಧಾನ ಮಾತ್ರ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಕೂರಬೇಕು. ಮ್ಯುಟೇಶನ್ ಮಾಡುವುದು, ಅಂದರೆ ಕಿಣ್ವದ ಜೀನಿನಲ್ಲಿ ಬದಲಾವಣೆ ತರುವುದು, ಒಂದು ವಾರದ ಕೆಲಸ. ಹೀಗೆ ಬದಲಾದ ಸಾವಿರಾರು ಮ್ಯುಟೆಂಟ್‌ಗಳಲ್ಲಿ ಒಳ್ಳೆಯದನ್ನು ಆರಿಸಿ ತೆಗೆಯುವುದು ತಿಂಗಳುಗಳ ಕೆಲಸ. ನೀವು ಯಾವುದನ್ನು ಅಳೆಯುತ್ತೀರೋ ಅದೇ ಸುಧಾರಿಸುತ್ತದೆ, ಅಳೆಯದೆ ಬಿಟ್ಟದ್ದು ಕೈತಪ್ಪುತ್ತದೆ. ಬದಲಿಸಿ, ಅಳೆದು, ಒಳ್ಳೆಯದನ್ನು ಆರಿಸಿ ಮತ್ತೆ ಬದಲಿಸುವ ಈ ನಿರ್ದೇಶಿತ ವಿಕಾಸದ ವಿಧಾನಕ್ಕೆ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಅವರ ತಂಡ 1993ರಲ್ಲಿ ಸಬ್ಟಿಲಿಸಿನ್ ಕಿಣ್ವವನ್ನು ಶೇ. 60 ಡೈಮೀಥೈಲ್ ಫಾರ್ಮಮೈಡ್ ದ್ರಾವಕದಲ್ಲಿ ಮೂಲಕ್ಕಿಂತ 256 ಪಟ್ಟು ಚುರುಕಾಗಿ ಕೆಲಸ ಮಾಡುವಂತೆ ಮಾಡಿತು. ಆ ದ್ರಾವಕ ಇರುವಲ್ಲೇ ಅಳೆದದ್ದರಿಂದ ಆ ಗುಣ ಸಿಕ್ಕಿತು. ನೀರಿನಲ್ಲಿ ಅಳೆದು ದ್ರಾವಕದ ಗುಣ ಬಯಸಿದ್ದರೆ ಸಿಗುತ್ತಿರಲಿಲ್ಲ.

ಗುರಿಯನ್ನು ಅಂಕಿಯಲ್ಲಿ ಬರೆಯಿರಿ

"ಚಟುವಟಿಕೆ ಹೆಚ್ಚಬೇಕು" ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅದು ಗುರಿ ಆಗುವುದಿಲ್ಲ. ಯಾವ ಪಿಎಚ್, ಯಾವ ಉಷ್ಣಾಂಶ, ಎಷ್ಟು ಕ್ಯಾಲ್ಸಿಯಂ (ಈ ಕಿಣ್ವದ ಕಟ್ಟು ನಿಲ್ಲಲು ಅದು ಬೇಕು), ಯಾವ ಪಿಷ್ಟ, ಎಷ್ಟು ಹೊತ್ತು ಎಂದು ಬರೆಯಬೇಕು.

ಕಾರ್ಖಾನೆಯ ತೊಂದರೆ ಏನೆಂದು ನೋಡೋಣ. ಶೇ. 30ರಿಂದ 35 ಪಿಷ್ಟದ ಹಾಲನ್ನು ಪಿಎಚ್ 5.5ರಿಂದ 6.0ಕ್ಕೆ ತಂದು, ಅಮೈಲೇಸ್ ಸೇರಿಸಿ, ಹಬೆ ನುಗ್ಗಿಸಿ ಬಿಸಿಮಾಡುವ ಜೆಟ್ ಕುಕ್ಕರಿನಲ್ಲಿ 105 ಡಿಗ್ರಿಗೆ ಕೆಲವು ನಿಮಿಷ ಹಾಯಿಸಿ, 95 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡುತ್ತಾರೆ. ಮುಂದಿನ ಹಂತದಲ್ಲಿ ಗ್ಲೂಕೋಸ್ ಬಿಡಿಸುವ ಕಿಣ್ವವಾದ ಗ್ಲೂಕೊಅಮೈಲೇಸ್‌ಗೆ ಬೇಕಾದದ್ದು 60 ಡಿಗ್ರಿ, ಪಿಎಚ್ 4.2ರಿಂದ 4.5. ನೆನೆಸಿ ಬೀಸಿದ ಜೋಳದಿಂದ ಬರುವ ಪಿಷ್ಟದ ಹಾಲು ಸಹಜವಾಗಿ ಹುಳಿಯೇ. ಅದಕ್ಕೆ ಮೊದಲು ಕ್ಷಾರ ಹಾಕಿ ಮೇಲೆತ್ತುವುದು, ಆಮೇಲೆ ಆಮ್ಲ ಹಾಕಿ ಇಳಿಸುವುದು, ಹೀಗೆ ಸೇರಿದ ಉಪ್ಪನ್ನು ಕೊನೆಗೆ ಅಯಾನ್ ವಿನಿಮಯದಲ್ಲಿ ತೆಗೆಯುವುದು: ಎಲ್ಲವೂ ಖರ್ಚು. ಅಮೈಲೇಸೇ ಪಿಎಚ್ 5.0ರಲ್ಲಿ, ಕಡಿಮೆ ಕ್ಯಾಲ್ಸಿಯಂನಲ್ಲಿ ಚೆನ್ನಾಗಿ ದುಡಿದರೆ ಈ ಹತ್ತಿಳಿತ ತಗ್ಗುತ್ತದೆ. ಜೋಳದಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತ ಕ್ಯಾಲ್ಸಿಯಮನ್ನು ಹಿಡಿದಿಡುವುದರಿಂದ ಇಡೀ ಕಾಳನ್ನೇ ಬೀಸಿ ಬಳಸುವ ಎಥೆನಾಲ್ ಘಟಕಗಳಿಗೆ ಇದು ಇನ್ನೂ ಮುಖ್ಯ.

ಹಾಗಾಗಿ ನಮ್ಮ ಗುರಿ: ಪಿಎಚ್ 5.0, 70 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ 0.05 ಮಿಲಿಮೋಲಾರ್, ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಮೂಲ ಕಿಣ್ವದ ಎರಡು ಪಟ್ಟು ಚಟುವಟಿಕೆ. 85 ಡಿಗ್ರಿಯ ತಾಳಿಕೆ ಮೂಲಕ್ಕಿಂತ ಕೆಳಗಿಳಿಯಬಾರದು. ಈ ಕೊನೆಯ ವಾಕ್ಯವನ್ನು ಮರೆತವರೇ ಹೆಚ್ಚು. ಚುರುಕು ಕೊಡುವ ಮ್ಯುಟೇಶನ್ ಅನೇಕ ಸಲ ಕಿಣ್ವದ ಕಟ್ಟನ್ನು ಸಡಿಲಿಸುತ್ತದೆ, ಕಾರ್ಖಾನೆಯ ಬಿಸಿಗೆ ಅದು ಐದು ನಿಮಿಷ ನಿಲ್ಲುವುದಿಲ್ಲ.

ನೀರಿನ ವಿಷಯವನ್ನೂ ಇಲ್ಲೇ ಹೇಳಬೇಕು. ದಾವಣಗೆರೆ, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಗಡಸು. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅದೇ 1 ಮಿಲಿಮೋಲಾರ್ ಆಯಿತು, ಅಂದರೆ ನಮ್ಮ ಗುರಿಯ 20 ಪಟ್ಟು. ಪ್ರಯೋಗಾಲಯದ ಡಿಸ್ಟಿಲೇಶನ್ ಯಂತ್ರದ ಹೀಟರಿನಲ್ಲಿ ಬಿಳಿ ಗಡಸು ಕಟ್ಟಿ ನೀರು ಉಕ್ಕಿ ಬರುತ್ತಿದ್ದರೆ, ನೀವು ಕ್ಯಾಲ್ಸಿಯಂ ಹಾಕದಿದ್ದರೂ ಅದು ಒಳಗೆ ಬಂದಿರುತ್ತದೆ. ಎರಡು ಸಲ ಡಿಸ್ಟಿಲ್ ಮಾಡಿದ ಅಥವಾ ಡಿಅಯಾನೈಸ್ ಮಾಡಿದ ನೀರನ್ನೇ ಬಳಸಿ, ವಾಹಕತೆ ಅಳೆದು ದಿನಾಂಕದೊಂದಿಗೆ ಬರೆದಿಡಿ.

ಅನುಮತಿ ಮತ್ತು ಸಾಮಾನು

ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಪ್ರಸ್ತಾವ ಇಡದೆ ಶುರು ಮಾಡಬೇಡಿ. ಬಳಸಿದ ಪ್ಲೇಟು, ದ್ರಾವಣ, ಟಿಪ್ ಎಲ್ಲವನ್ನೂ 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿಯೇ ಹೊರಹಾಕಿ.

ಮೂಲ ಬ್ಯಾಕ್ಟೀರಿಯಾ ಬೇಕಾದರೆ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸಬಹುದು. ಅದಕ್ಕಿಂತ ಸುಲಭದ ದಾರಿ ಜೀನನ್ನೇ ಸಂಶ್ಲೇಷಿಸಿ ತರಿಸುವುದು. ಪಕ್ವ ಕಿಣ್ವ 483 ಅಮೈನೊ ಆಮ್ಲಗಳದ್ದು, ಅಂದರೆ ಜೀನ್ ಸುಮಾರು 1,450 ಬೇಸ್‌ಜೋಡಿ. ಬ್ಯಾಕ್ಟೀರಿಯಾದೊಳಕ್ಕೆ ಜೀನ್ ಒಯ್ಯುವ ಡಿಎನ್‌ಎ ಉಂಗುರವಾದ ಪಿಇಟಿ-22ಬಿ ಪ್ಲಾಸ್ಮಿಡ್ಡಿನಲ್ಲಿ ಎನ್‌ಕೊ-1 ಮತ್ತು ಎಕ್ಸ್‌ಎಚ್‌ಒ-1 ಎಂಬ ರಿಸ್ಟ್ರಿಕ್ಷನ್ ಕಿಣ್ವಗಳು ಕತ್ತರಿಸುವ ತಾಣಗಳ ನಡುವೆ ಕೂರಿಸಿ. ಆರ್ಡರ್ ಕೊಡುವಾಗಲೇ ಜೀನಿನ ಒಳಗೆ ಆ ಎರಡು ತಾಣಗಳು ಇರದಂತೆ ನೋಡಿಕೊಳ್ಳಿ. ಹೀಗೆ ಮಾಡಿದರೆ ಕಿಣ್ವ, ಅದನ್ನು ತಯಾರಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಹೊರಪೊರೆಯ ಒಳಗಿನ ಜಾಗಕ್ಕೆ ಹೋಗುತ್ತದೆ, ಬಾಲಕ್ಕೆ ಮುಂದೆ ಶುದ್ಧಗೊಳಿಸಲು ನೆರವಾಗುವ ಹಿಸ್ಟಿಡಿನ್ ಟ್ಯಾಗ್ ಸೇರುತ್ತದೆ. ಇ. ಕೋಲೈಯ ಬಿಎಲ್21 ಡಿಇ3 ತಳಿ ಸಾಕು.

ಡಿಎನ್‌ಎ ನಕಲಿಸುವ ಟ್ಯಾಕ್ ಪಾಲಿಮರೇಸ್, ತುಂಡು ಜೋಡಿಸುವ ಲೈಗೇಸ್, ಹಳೆಯ ಪ್ಲಾಸ್ಮಿಡ್ ಕಡಿಯುವ ಡಿಪಿಎನ್-1 ಇವೆಲ್ಲ ಐಸ್‌ನಲ್ಲಿ ಬರುವ ಸಾಮಾನು. ಬೆಂಗಳೂರಿನಿಂದ ಸೋಮವಾರ ಹೊರಡುವಂತೆ ಹೇಳಿ. ಶುಕ್ರವಾರ ಹೊರಟದ್ದು ಭಾನುವಾರವಿಡೀ ಕೊರಿಯರ್ ಗೋದಾಮಿನಲ್ಲಿ ಕುಳಿತರೆ ಏಪ್ರಿಲ್ ಬಿಸಿಲಿಗೆ ಲೈಗೇಸ್ ಸತ್ತೇ ಬರುತ್ತದೆ, ನೀವು ಕ್ಲೋನಿಂಗ್ ಏಕೆ ಕೂರುತ್ತಿಲ್ಲ ಎಂದು ಮೂರು ವಾರ ತಲೆ ಕೆಡಿಸಿಕೊಳ್ಳುತ್ತೀರಿ.

ಅಳತೆಗೋಲು ಮೊದಲು, ಮ್ಯುಟೇಶನ್ ಆಮೇಲೆ

ಡಿಎನ್‌ಎಸ್ ದ್ರಾವಣ (ಪಿಷ್ಟ ಕಡಿದಾಗ ಬರುವ ಸಕ್ಕರೆಯನ್ನು ಬಣ್ಣದಿಂದ ತೋರಿಸುವುದು) ಹೀಗೆ ಮಾಡಿ. 1 ಗ್ರಾಂ ಡೈನೈಟ್ರೊಸ್ಯಾಲಿಸಿಲಿಕ್ ಆಮ್ಲವನ್ನು 20 ಮಿ.ಲೀ. 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 50 ಮಿ.ಲೀ. ನೀರಿನಲ್ಲಿ ಕರಗಿಸಿ, 30 ಗ್ರಾಂ ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, 100 ಮಿ.ಲೀ.ಗೆ ತನ್ನಿ. ಕಂದು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ.

ಪಿಷ್ಟದ ದ್ರಾವಣ ಶೇ. 1, ಅಸಿಟೇಟ್ ಬಫರ್ 50 ಮಿಲಿಮೋಲಾರ್, ಪಿಎಚ್ 5.0. ಪುಡಿಯನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ಬಫರಿಗೆ ಸುರಿಯಬೇಕು. ನೇರವಾಗಿ ಬಿಸಿಗೆ ಹಾಕಿದರೆ ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ಅಂದಂದಿನದು ಅಂದೇ ಮುಗಿಯಬೇಕು. ಫ್ರಿಜ್ಜಿನಲ್ಲಿಟ್ಟ ಪಿಷ್ಟ ಮತ್ತೆ ಹರಳುಗಟ್ಟಿ ಮಬ್ಬಾಗುತ್ತದೆ, ಕಿಣ್ವ ಅದನ್ನು ಬೇರೆ ವೇಗದಲ್ಲಿ ಕಡಿಯುತ್ತದೆ. ಫಾಸ್ಫೇಟ್ ಬಫರ್ ಬೇಡ, ಅದು ಕ್ಯಾಲ್ಸಿಯಮನ್ನು ತಳಕ್ಕಿಳಿಸುತ್ತದೆ. ಕ್ಯಾಲ್ಸಿಯಮನ್ನು ಕಟ್ಟಿಹಾಕುವ ಇಡಿಟಿಎ ಇರುವ ಯಾವ ದ್ರಾವಣವೂ ಹತ್ತಿರ ಬರಬಾರದು, ಪ್ರೋಟಿಯೇಸ್ ತಡೆಯುವ ರೆಡಿಮೇಡ್ ಮಿಶ್ರಣ ಕೊಳ್ಳುವಾಗಲೂ ಲೇಬಲ್ ಓದಿ.

96 ಗುಳಿಗಳ ಪಿಸಿಆರ್ (ಟ್ಯೂಬಿನಲ್ಲಿ ಜೀನ್ ನಕಲಿಸುವ ವಿಧಾನ) ಪ್ಲೇಟಿನಲ್ಲಿ 25 ಮೈಕ್ರೊಲೀಟರ್ ತೆಳುಮಾಡಿದ ಕಿಣ್ವ, 25 ಮೈಕ್ರೊಲೀಟರ್ ಪಿಷ್ಟ, ಥರ್ಮೊಸೈಕ್ಲರಿನಲ್ಲಿ 70 ಡಿಗ್ರಿ, 10 ನಿಮಿಷ. 50 ಮೈಕ್ರೊಲೀಟರ್ ಡಿಎನ್‌ಎಸ್ ಹಾಕಿ 95 ಡಿಗ್ರಿ, 5 ನಿಮಿಷ. ತಣಿದ ಮೇಲೆ 80 ಮೈಕ್ರೊಲೀಟರನ್ನು 120 ಮೈಕ್ರೊಲೀಟರ್ ನೀರಿರುವ ಚಪ್ಪಟೆ ತಳದ ಪ್ಲೇಟಿಗೆ ಹಾಕಿ 540 ನ್ಯಾನೊಮೀಟರಿನಲ್ಲಿ ಓದಿ. ಸಕ್ಕರೆ ಬಿಡುಗಡೆಯಾಗದ ಗುಳಿ ನಿಂಬೆಹಳದಿಯಾಗೇ ಉಳಿಯುತ್ತದೆ, ಸ್ವಲ್ಪ ಕೆಲಸ ಮಾಡಿದ್ದು ಕಿತ್ತಳೆ, ಚೆನ್ನಾಗಿ ಮಾಡಿದ್ದು ಸುಟ್ಟ ಇಟ್ಟಿಗೆಯ ಬಣ್ಣ. ಇಡೀ ಪ್ಲೇಟು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಖುಷಿಪಡುವಂತಿಲ್ಲ, ಕಿಣ್ವ ದಪ್ಪವಾಯಿತೆಂದು ಅರ್ಥ. ಪಿಷ್ಟದ ಶೇ. 10ಕ್ಕಿಂತ ಕಡಿಮೆ ಕಡಿದಿರುವಷ್ಟು ತೆಳುಮಾಡಬೇಕು, ಇಲ್ಲವಾದರೆ ಒಳ್ಳೆಯದೂ ಸಾಧಾರಣವೂ ಒಂದೇ ಅಂಕಿ ತೋರಿಸುತ್ತವೆ.

ಮಾಲ್ಟೋಸ್ ಮಾನಕರೇಖೆ ಪ್ರತಿದಿನ ಹಾಕಿ. ಬಾಟಲಿಯ ಮೇಲೆ ಮೊನೊಹೈಡ್ರೇಟ್ ಎಂದಿದ್ದರೆ ಅಣುತೂಕ 360, ನೀರಿಲ್ಲದ್ದಾದರೆ 342. ಇಲ್ಲಿ ತಪ್ಪಿದರೆ ಎಲ್ಲ ಅಂಕಿಗಳೂ ಶೇ. 5ರಷ್ಟು ಸರಿಯುತ್ತವೆ.

ಈಗ ಇಡೀ ಯೋಜನೆಯ ಅತಿ ಮುಖ್ಯ ಪರೀಕ್ಷೆ. ಒಂದು ಪೂರ್ತಿ ಪ್ಲೇಟಿನಲ್ಲಿ ಮೂಲ ಕಿಣ್ವದ ಕಾಲೊನಿಗಳನ್ನೇ ಬೆಳೆಸಿ, ಮ್ಯುಟೆಂಟುಗಳಿಗೆ ಮಾಡುವ ಪ್ರತಿ ಹಂತವನ್ನೂ ಮಾಡಿ ಅಳೆಯಿರಿ. 96 ಅಂಕಿಗಳೂ ಒಂದೇ ಆಗಬೇಕಿತ್ತು, ಆಗುವುದಿಲ್ಲ. ಸರಾಸರಿಯ ಮೇಲೆ ಮೂರು ಮಾನಕ ವಿಚಲನೆ ದಾಟಿದ್ದನ್ನು ಮಾತ್ರ ಗೆದ್ದದ್ದು ಎಂದುಕೊಂಡರೆ, ಏರುಪೇರು (ಸರಾಸರಿಯ ಶೇಕಡಾ ಲೆಕ್ಕದಲ್ಲಿ ಮಾನಕ ವಿಚಲನೆ) ಶೇ. 8 ಇದ್ದಾಗ 1.24 ಪಟ್ಟಿನ ಮ್ಯುಟೆಂಟ್ ಕಾಣುತ್ತದೆ. ಶೇ. 20 ಇದ್ದರೆ 1.6 ಪಟ್ಟಿಗಿಂತ ಕೆಳಗಿನದು ಯಾವುದೂ ಕಾಣುವುದಿಲ್ಲ. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಲಾಭ ಒಂದೂಕಾಲು ಪಟ್ಟಿನಿಂದ ಎರಡು ಪಟ್ಟು. ಜರಡಿಯ ಕಣ್ಣು ದೊಡ್ಡದಿದ್ದರೆ ಕಾಳೂ ಹೊಟ್ಟಿನೊಂದಿಗೆ ಉದುರುತ್ತದೆ. ಏರುಪೇರು ಶೇ. 12ಕ್ಕಿಂತ ಕೆಳಗೆ ಬರುವವರೆಗೆ ಮ್ಯುಟೇಶನ್ ಕಡೆ ಕೈ ಹಾಕಬೇಡಿ, ಇದಕ್ಕೆ ಒಂದು ತಿಂಗಳು ಹಿಡಿದರೂ ಸರಿ.

ಏರುಪೇರಿನ ಕಾರಣಗಳು ಹೆಚ್ಚಾಗಿ ಇವೇ: ಅಂಚಿನ ಗುಳಿಗಳಲ್ಲಿ ನೀರು ಆವಿಯಾಗುವುದು, ಮಲ್ಟಿಚಾನೆಲ್ ಪಿಪೆಟ್ಟಿನ ಒಂದು ಟಿಪ್ ಸಡಿಲವಾಗಿರುವುದು, ಡಿಎನ್‌ಎಸ್ ಕುದಿದಾಗ ಮುಚ್ಚಳಕ್ಕೆ ಹನಿ ಹಿಡಿಯುವುದು. ಮೂರನೆಯದಕ್ಕೆ ಮುಚ್ಚಳ ತೆಗೆಯುವ ಮೊದಲು ಪ್ಲೇಟನ್ನು ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಸಾಕು.

ತಪ್ಪು ಮಾಡುವ ಪಿಸಿಆರ್

ರಚನೆಯ ಬಗ್ಗೆ ಹೆಚ್ಚು ಗೊತ್ತಿಲ್ಲದಾಗ ನಕಲಿಸುವಾಗ ಜೀನಿನಲ್ಲಿ ಬೇಕೆಂದೇ ಅಲ್ಲಲ್ಲಿ ತಪ್ಪು ಬಿತ್ತುವುದೇ ಒಳ್ಳೆಯ ಆರಂಭ. 50 ಮೈಕ್ರೊಲೀಟರ್ ಮಿಶ್ರಣಕ್ಕೆ ಬೇಕಾದದ್ದು:

- ಮೆಗ್ನೀಷಿಯಂ ಇಲ್ಲದ 10 ಪಟ್ಟು ಟ್ಯಾಕ್ ಬಫರ್: 5 ಮೈಕ್ರೊಲೀಟರ್
- ಮೆಗ್ನೀಷಿಯಂ ಕ್ಲೋರೈಡ್: ಒಟ್ಟು 7 ಮಿಲಿಮೋಲಾರ್ ಆಗುವಷ್ಟು
- ಡಿಎಟಿಪಿ, ಡಿಜಿಟಿಪಿ (ಡಿಎನ್‌ಎ ಕಟ್ಟುವ ಬಿಡಿಭಾಗಗಳು): ತಲಾ 0.2 ಮಿಲಿಮೋಲಾರ್
- ಡಿಸಿಟಿಪಿ, ಡಿಟಿಟಿಪಿ: ತಲಾ 1 ಮಿಲಿಮೋಲಾರ್
- ಪ್ರೈಮರ್‌ಗಳು (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳು): ತಲಾ 0.4 ಮೈಕ್ರೊಮೋಲಾರ್
- ಮೂಲ ಪ್ಲಾಸ್ಮಿಡ್: 10 ನ್ಯಾನೊಗ್ರಾಂ
- ಸಾದಾ ಟ್ಯಾಕ್ ಪಾಲಿಮರೇಸ್: 5 ಯೂನಿಟ್
- ಮ್ಯಾಂಗನೀಸ್ ಕ್ಲೋರೈಡ್: ನಾಲ್ಕು ಟ್ಯೂಬುಗಳಲ್ಲಿ 0.05, 0.1, 0.2, 0.3 ಮಿಲಿಮೋಲಾರ್

ಮ್ಯಾಂಗನೀಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಮೊದಲೇ ಹಾಕಿದರೆ ಗಸಿ ಕಟ್ಟಬಹುದು. ತಪ್ಪು ತಿದ್ದುವ ಗುಣವಿರುವ ಪಾಲಿಮರೇಸ್ ಬಳಸಿದರೆ ಇಡೀ ಶ್ರಮ ನೀರುಪಾಲು. 95 ಡಿಗ್ರಿ 30 ಸೆಕೆಂಡ್, 55 ಡಿಗ್ರಿ 30 ಸೆಕೆಂಡ್, 72 ಡಿಗ್ರಿ 100 ಸೆಕೆಂಡ್, ಹೀಗೆ 30 ಸುತ್ತು. ಮೂಲ ಪ್ಲಾಸ್ಮಿಡ್ ಕಡಿಮೆ ಇಟ್ಟಷ್ಟೂ ಪ್ರತಿಗಳು ಹೆಚ್ಚು ಸಲ ಇಮ್ಮಡಿಯಾಗುತ್ತವೆ, ತಪ್ಪುಗಳೂ ಹೆಚ್ಚುತ್ತವೆ.

ಎಷ್ಟು ತಪ್ಪು ಬೇಕು? ಈ ಉದ್ದದ ಜೀನಿಗೆ ಎರಡರಿಂದ ನಾಲ್ಕು ಬೇಸ್ ಬದಲಾವಣೆ. ಸರಾಸರಿ ಎರಡು ಇದ್ದಾಗ ಪಾಯ್ಸನ್ ಲೆಕ್ಕದಂತೆ ಶೇ. 13.5 ಜೀನುಗಳಲ್ಲಿ ಒಂದೂ ಬದಲಾವಣೆ ಇರುವುದಿಲ್ಲ, ಅದು ಸಹಜ. ಹತ್ತಕ್ಕೆ ಹೋದರೆ ಒಳ್ಳೆಯ ಮ್ಯುಟೇಶನ್ ಒಂದು ಇದ್ದರೂ ಉಳಿದ ಒಂಬತ್ತು ಅದನ್ನು ಕೊಲ್ಲುತ್ತವೆ. ನಾಲ್ಕು ಟ್ಯೂಬುಗಳಿಂದ ತಲಾ ಎಂಟು ಕ್ಲೋನ್ (ಒಂದೊಂದು ಬದಲಾದ ಜೀನ್ ಹೊತ್ತ ಕಾಲೊನಿ) ಸೀಕ್ವೆನ್ಸ್ ಮಾಡಿಸಿ, ಅಂದರೆ ಬೇಸುಗಳ ಸಾಲನ್ನು ಓದಿಸಿ, ನೋಡಿ. ಅಗ್ಗದ ಇನ್ನೊಂದು ಪರೀಕ್ಷೆ ಇದೆ: ಕಾಲೊನಿಗಳನ್ನು ಪಿಷ್ಟದ ಅಗರ್ ಮೇಲೆ ಬೆಳೆಸಿ ಅಯೋಡಿನ್ ಹಾಕಿ. ಶೇ. 50ರಿಂದ 70 ಕಾಲೊನಿಗಳ ಸುತ್ತ ಬಿಳಿ ಉಂಗುರ ಬಂದರೆ ಹದ ಸರಿ. ಶೇ. 95 ಬಂದರೆ ತಪ್ಪು ಸಾಲದು, ಶೇ. 10 ಮಾತ್ರ ಬಂದರೆ ಅತಿಯಾಯಿತು.

ಪಿಸಿಆರ್ ಉತ್ಪನ್ನವನ್ನು ಡಿಪಿಎನ್-1 ಜೊತೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಇ. ಕೋಲೈಯಿಂದ ಬಂದ ಮೂಲ ಪ್ಲಾಸ್ಮಿಡ್ ಮಾತ್ರ ತುಂಡಾಗುತ್ತದೆ. ಆಮೇಲೆ ಜೆಲ್‌ನಿಂದ ಶುದ್ಧಗೊಳಿಸಿ, ಎರಡು ರಿಸ್ಟ್ರಿಕ್ಷನ್ ಕಿಣ್ವಗಳಿಂದ ಕತ್ತರಿಸಿ, ಜೀನ್ ಮೂರು ಪಾಲು, ವೆಕ್ಟರ್ (ಅಂದರೆ ಪ್ಲಾಸ್ಮಿಡ್) ಒಂದು ಪಾಲು ಸೇರಿಸಿ 16 ಡಿಗ್ರಿಯಲ್ಲಿ ರಾತ್ರಿಯಿಡೀ ಲೈಗೇಶನ್. ವಿದ್ಯುತ್ ಹೊಡೆತದಿಂದ ಪ್ಲಾಸ್ಮಿಡ್ಡನ್ನು ಜೀವಕೋಶಕ್ಕೆ ತೂರಿಸುವ ಎಲೆಕ್ಟ್ರೊಪೊರೇಶನ್‌ಗೆ ಮೊದಲು ಉಪ್ಪು ತೆಗೆಯದಿದ್ದರೆ ಕ್ಯೂವೆಟ್ಟಿನಲ್ಲಿ ಟಪ್ ಎಂದು ಕಿಡಿ ಹಾರಿ ಜೀವಕೋಶಗಳೆಲ್ಲ ಸಾಯುತ್ತವೆ. 2,000 ಕ್ಲೋನ್ ಅಳೆಯುವ ಯೋಚನೆ ಇದ್ದರೆ ಕನಿಷ್ಠ 5,000 ಸ್ವತಂತ್ರ ಕಾಲೊನಿ ಸಿಗಬೇಕು. ಆಂಪಿಸಿಲಿನ್ ಪ್ಲೇಟನ್ನು 18 ಗಂಟೆಗಿಂತ ಹೆಚ್ಚು ಇಡಬೇಡಿ, ದೊಡ್ಡ ಕಾಲೊನಿಯ ಸುತ್ತ ಪ್ಲಾಸ್ಮಿಡ್ ಇಲ್ಲದ ಪುಡಿ ಕಾಲೊನಿಗಳು ಏಳುತ್ತವೆ, ಅವನ್ನೇ ಆರಿಸಿಬಿಡುವ ಅಪಾಯ.

ಆರಿಸುವುದು

ಪಿಷ್ಟದ ಪ್ಲೇಟಿನ ಉಂಗುರ ನೋಡಿ ಸತ್ತ ಕ್ಲೋನುಗಳನ್ನು ಬಿಡಿ, ಅಷ್ಟಕ್ಕೇ ಅದನ್ನು ನಂಬಿ. ದೊಡ್ಡ ಉಂಗುರ ಬಂತೆಂದರೆ ಕಿಣ್ವ ಚುರುಕಾಯಿತು ಎಂದಲ್ಲ. ಕಾಲೊನಿ ದೊಡ್ಡದಿರಬಹುದು, ಕಿಣ್ವ ಹೆಚ್ಚು ಸೋರಿರಬಹುದು. ಅಯೋಡಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಅದನ್ನು ಹಾಕುವ ಮೊದಲು ಅದೇ ಕಾಲೊನಿಗಳ ನಕಲು ಪ್ಲೇಟೊಂದನ್ನು ತೆಗೆದಿಟ್ಟುಕೊಳ್ಳಲೇಬೇಕು.

ಆಳದ ಗುಳಿಗಳ ಪ್ಲೇಟಿನಲ್ಲಿ 400 ಮೈಕ್ರೊಲೀಟರ್ ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ), ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಆಂಪಿಸಿಲಿನ್. ಗಾಳಿ ಆಡುವ ಮುಚ್ಚಳ ಹಚ್ಚಿ 37 ಡಿಗ್ರಿಯಲ್ಲಿ ರಾತ್ರಿ ಬೆಳೆಸಿ. ಬೆಳಿಗ್ಗೆ ಅದರಿಂದ ಗ್ಲಿಸರಾಲ್ ಸ್ಟಾಕ್ ಮಾಡಿ ಮೈನಸ್ 80ಕ್ಕೆ ಹಾಕಿದ ಮೇಲೆಯೇ ಮುಂದಿನ ಕೆಲಸ. 20 ಮೈಕ್ರೊಲೀಟರನ್ನು ಹೊಸ ಪ್ಲೇಟಿನ 500 ಮೈಕ್ರೊಲೀಟರ್ ಎಲ್‌ಬಿಗೆ ಹಾಕಿ, ಮೂರು ಗಂಟೆ 37 ಡಿಗ್ರಿಯಲ್ಲಿ ಬೆಳೆಸಿ, 0.2 ಮಿಲಿಮೋಲಾರ್ ಐಪಿಟಿಜಿ (ಕಿಣ್ವದ ತಯಾರಿಕೆ ಶುರುಮಾಡಿಸುವ ರಾಸಾಯನಿಕ) ಸೇರಿಸಿ 25 ಡಿಗ್ರಿಯಲ್ಲಿ 16 ಗಂಟೆ ಬಿಡಿ. ಪ್ರತಿ ಪ್ಲೇಟಿನಲ್ಲೂ ಆರು ಗುಳಿ ಮೂಲ ಕಿಣ್ವಕ್ಕೆ, ಎರಡು ಖಾಲಿ ಪ್ಲಾಸ್ಮಿಡ್ಡಿಗೆ ಮೀಸಲು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡದೆ ಅಂಚಿನಲ್ಲೂ ನಡುವಿನಲ್ಲೂ ಚದುರಿಸಿ.

ಬೇಸಿಗೆಯಲ್ಲಿ ಈ 25 ಡಿಗ್ರಿ ನಮ್ಮ ಊರುಗಳಲ್ಲಿ ದೊಡ್ಡ ತಲೆನೋವು. ತಂಪು ಮಾಡುವ ವ್ಯವಸ್ಥೆ ಇಲ್ಲದ ಶೇಕರ್ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಮಾರ್ಚ್-ಏಪ್ರಿಲಿನ ಮಧ್ಯಾಹ್ನ ಒಳಗೆ 37, 38 ಆಗುತ್ತದೆ, ಕಿಣ್ವ ಸರಿಯಾಗಿ ಮಡಚಿಕೊಳ್ಳದೆ ಗಟ್ಟಿ ಉಂಡೆಯಾಗಿ ಕೂರುತ್ತದೆ. ಒಂದು ಪ್ಲೇಟು ಚೆನ್ನಾಗಿ ಬಂದು ಮರುದಿನದ್ದು ಬಿದ್ದುಹೋಗುವುದಕ್ಕೆ ಕಾರಣ ಬಹಳ ಸಲ ಇದೇ. ತಂಪಿನ ಶೇಕರ್ ಇಲ್ಲದವರು ಸ್ಕ್ರೀನಿಂಗನ್ನು ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳುವುದು ಜಾಣತನ. ರಾತ್ರಿ ಕರೆಂಟ್ ಹೋಗಿ ಶೇಕರ್ ಎರಡು ಗಂಟೆ ನಿಂತ ಪ್ಲೇಟನ್ನು ಅಳೆಯದೆ ಬಿಟ್ಟುಬಿಡಿ, ಗ್ಲಿಸರಾಲ್ ಸ್ಟಾಕಿನಿಂದ ಮತ್ತೆ ಬೆಳೆಸಿ.

ಐಪಿಟಿಜಿ ಇಲ್ಲದೆ ತಾನಾಗಿ ಇಂಡಕ್ಷನ್ ಆಗುವ (ಕಿಣ್ವದ ತಯಾರಿಕೆ ಶುರುವಾಗುವ) ಮಾಧ್ಯಮ ಬಳಸುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಸಾಮಾನ್ಯವಾಗಿ ಶೇ. 0.2 ಲ್ಯಾಕ್ಟೋಸ್, ಶೇ. 0.05 ಗ್ಲೂಕೋಸ್ ಇರುತ್ತದೆ. ಎರಡೂ ಡಿಎನ್‌ಎಸ್ ಜೊತೆ ಬಣ್ಣ ಕೊಡುತ್ತವೆ. ಮಾಧ್ಯಮವನ್ನೇ ಅಳೆದರೆ ಖಾಲಿ ಪ್ಲಾಸ್ಮಿಡ್ಡೂ ಇಟ್ಟಿಗೆ ಬಣ್ಣ ತೋರಿಸುತ್ತದೆ. ಜೀವಕೋಶಗಳನ್ನು ಕೂರಿಸಿ, ಎರಡು ಸಲ ತೊಳೆದು, ಒಡೆದು ಅಳೆಯಿರಿ.

ಒಡೆಯುವ ದ್ರಾವಣ: 20 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, ಕ್ಯಾಲ್ಸಿಯಂ ಕ್ಲೋರೈಡ್ 2 ಮಿಲಿಮೋಲಾರ್, ಲೈಸೊಜೈಮ್ ಮಿಲಿಲೀಟರಿಗೆ 0.5 ಮಿಲಿಗ್ರಾಂ. ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದ ಜೀವಕೋಶಕ್ಕೆ 200 ಮೈಕ್ರೊಲೀಟರ್ ಹಾಕಿ 37 ಡಿಗ್ರಿ 30 ನಿಮಿಷ, ಆಮೇಲೆ 70 ಡಿಗ್ರಿ 20 ನಿಮಿಷ. ಈ ಬಿಸಿಗೆ ಇ. ಕೋಲೈಯ ಪ್ರೋಟೀನುಗಳು ಹಾಲು ಒಡೆದಂತೆ ಒಡೆದು ತಳಕ್ಕೆ ಹೋಗುತ್ತವೆ, ನಮ್ಮ ಅಮೈಲೇಸ್ ಮೇಲೆ ಉಳಿಯುತ್ತದೆ. ತಾಳಿಕೆ ಕಳೆದುಕೊಂಡ ಮ್ಯುಟೆಂಟುಗಳೂ ಇಲ್ಲೇ ಬೀಳುತ್ತವೆ. ಮೇಲಿನ ತಿಳಿಯನ್ನು ಅಸಿಟೇಟ್ ಬಫರಿನಲ್ಲಿ 20 ಪಟ್ಟು ತೆಳುಮಾಡಿದರೆ ಕ್ಯಾಲ್ಸಿಯಂ 0.1, ಪಿಷ್ಟದೊಂದಿಗೆ ಸಮನಾಗಿ ಬೆರೆತ ಮೇಲೆ 0.05 ಮಿಲಿಮೋಲಾರ್. ಬೆರೆಸಿದ ಮೇಲಿನ ಪಿಎಚ್ ಎಷ್ಟಿದೆ ಎಂದು ಒಂದು ಸಲವಾದರೂ ಅಳೆದು ಖಚಿತಪಡಿಸಿಕೊಳ್ಳಿ.

23 ಪ್ಲೇಟು ಮುಗಿದಾಗ ಮೇಲಿನ ಶೇ. 1ನ್ನು, ಅಂದರೆ 20 ಕ್ಲೋನುಗಳನ್ನು, ತಲಾ ಎಂಟು ಗುಳಿಗಳಲ್ಲಿ ಮತ್ತೆ ಬೆಳೆಸಿ. ಬಹುತೇಕ ಕ್ಲೋನುಗಳು ಮೂಲದ ಮಟ್ಟಕ್ಕೆ ಇಳಿಯುತ್ತವೆ. 2,000 ಗುಳಿಗಳಲ್ಲಿ ಬರೀ ಆಕಸ್ಮಿಕದಿಂದಲೇ ಎರಡು ಮೂರು ಗುಳಿ ಮೂರು ವಿಚಲನೆಯ ಗೆರೆ ದಾಟುತ್ತವೆ, ಪಿಪೆಟ್ಟಿನ ತಪ್ಪು ಸೇರಿದರೆ ಇನ್ನೂ ಹೆಚ್ಚು. ಉಳಿದ ನಾಲ್ಕೈದರಿಂದ ಪ್ಲಾಸ್ಮಿಡ್ ತೆಗೆದು ಹೊಸ ಬಿಎಲ್21ಕ್ಕೆ ಹಾಕಿ ಮೂರನೇ ಸಲ ಅಳೆಯಿರಿ. ಆಗಲೂ ನಿಂತದ್ದನ್ನು ಮಾತ್ರ ಸೀಕ್ವೆನ್ಸಿಗೆ ಕಳಿಸಿ.

ಒಂದೇ ಜಾಗವನ್ನು ಪೂರ್ತಿ ಹುಡುಕುವುದು

ತಪ್ಪು ಮಾಡುವ ಪಿಸಿಆರ್‌ಗೆ ಒಂದು ಮಿತಿ ಇದೆ. ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರು ಬೇಸುಗಳ ಕೋಡಾನಿನಲ್ಲಿ ಒಂದು ಬೇಸ್ ಬದಲಾದರೆ 19 ಸಾಧ್ಯತೆಗಳಲ್ಲಿ ಸರಾಸರಿ ಆರು ಅಮೈನೊ ಆಮ್ಲ ಮಾತ್ರ ಸಿಗುತ್ತವೆ. 214ನೇ ಜಾಗದಲ್ಲಿ ಒಳ್ಳೆಯ ಬದಲಾವಣೆ ಕಂಡಿತು ಎಂದುಕೊಳ್ಳಿ, ಅದೇ ಜಾಗದಲ್ಲಿ ಇನ್ನೂ ಒಳ್ಳೆಯದು ಅಡಗಿರಬಹುದು. ಅಲ್ಲಿ ಎನ್‌ಎನ್‌ಕೆ ಪ್ರೈಮರ್ ಬಳಸಿ 20 ಅಮೈನೊ ಆಮ್ಲಗಳನ್ನೂ ಕೂರಿಸಿ ನೋಡಬೇಕು. ಎನ್‌ಎನ್‌ಕೆಯಲ್ಲಿ (ಎನ್ ಅಂದರೆ ಯಾವ ಬೇಸಾದರೂ, ಕೆ ಅಂದರೆ ಜಿ ಅಥವಾ ಟಿ) 32 ಕೋಡಾನ್, ಅದರಲ್ಲಿ ಒಂದು ಸ್ಟಾಪ್. ಶೇ. 95 ವ್ಯಾಪ್ತಿಗೆ 32ರ ಮೂರು ಪಟ್ಟು, ಅಂದರೆ ಒಂದು ಪ್ಲೇಟು ಸಾಕು. ಎರಡು ಜಾಗಗಳನ್ನು ಒಟ್ಟಿಗೆ ಹಿಡಿದರೆ 1,024 ಜೋಡಿ, ಸುಮಾರು 3,000 ಕ್ಲೋನ್. ಮೂರನ್ನು ಒಟ್ಟಿಗೆ ಮಾಡುವ ಆಸೆ ನಮ್ಮ ಸೌಕರ್ಯದಲ್ಲಿ ಬೇಡ.

ಅಳೆಯುವ ಮೊದಲು ಎಲ್ಲ ಕಾಲೊನಿಗಳನ್ನು ಒಟ್ಟಿಗೆ ಕೆರೆದು ಒಂದೇ ಸೀಕ್ವೆನ್ಸಿಂಗ್ ಮಾಡಿಸಿ. ಮೊದಲ ಎರಡು ಬೇಸಿನ ಜಾಗದಲ್ಲಿ ನಾಲ್ಕು ಬಣ್ಣದ ಶಿಖರಗಳು ಒಂದರ ಮೇಲೊಂದು, ಮೂರನೆಯದರಲ್ಲಿ ಎರಡು ಬಣ್ಣ ಕಂಡರೆ ಲೈಬ್ರರಿ (ಮ್ಯುಟೆಂಟುಗಳ ಸಂಗ್ರಹ) ಸರಿಯಿದೆ. ಮೂಲ ಕೋಡಾನೇ ಎದ್ದು ಕಂಡರೆ ಡಿಪಿಎನ್-1 ಕೆಲಸ ಮಾಡಿಲ್ಲ.

ಯಾವ ಜಾಗ ಆರಿಸಬೇಕು ಎಂಬುದಕ್ಕೆ ರಚನೆ ನೋಡಬೇಕು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಬಿಎಲ್‌ಐ ಎಂಬ ಸಂಖ್ಯೆಯಲ್ಲಿ ಈ ಕಿಣ್ವದ ರಚನೆ ಇದೆ. 231ನೇ ಆಸ್ಪಾರ್ಟೇಟ್, 261ನೇ ಗ್ಲುಟಮೇಟ್, 328ನೇ ಆಸ್ಪಾರ್ಟೇಟ್ ಈ ಮೂರೂ ಪಿಷ್ಟವನ್ನು ಕಡಿಯುವ ಹಲ್ಲುಗಳು, ಮುಟ್ಟಿದರೆ ಚಟುವಟಿಕೆ ಹೆಚ್ಚುಕಡಿಮೆ ಸೊನ್ನೆ. ಕ್ಯಾಲ್ಸಿಯಂ ಹಿಡಿಯುವವನ್ನೂ ಬಿಡಿ. ಇವುಗಳಿಂದ 5ರಿಂದ 8 ಆಂಗ್‌ಸ್ಟ್ರಮ್ ದೂರದಲ್ಲಿರುವ, ಬೇರೆ ಬ್ಯಾಸಿಲಸ್ ಅಮೈಲೇಸ್‌ಗಳಲ್ಲಿ ಬದಲಾಗುತ್ತಾ ಬಂದಿರುವ ಜಾಗಗಳನ್ನು ಪಟ್ಟಿ ಮಾಡಿ. ಕಿಣ್ವ ಯಾವ ಪಿಎಚ್‌ನಲ್ಲಿ ದುಡಿಯುತ್ತದೆ ಎಂಬುದು ಬಹುಮಟ್ಟಿಗೆ ಆ 261ನೆಯ ಗ್ಲುಟಮೇಟ್ ಮತ್ತು 231ನೆಯ ಆಸ್ಪಾರ್ಟೇಟ್‌ಗಳು ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದರ ಮೇಲೆ ನಿಂತಿದೆ. ಹತ್ತಿರದಲ್ಲಿ ವಿದ್ಯುದಾವೇಶ ಇರುವ ಅಮೈನೊ ಆಮ್ಲ ಬದಲಾದರೆ ಆ ಬಿಗಿ ಬದಲಾಗುತ್ತದೆ. ನಮ್ಮ ಗುರಿಗೆ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಈ ಕಿಣ್ವದಲ್ಲಿ ಈಗಾಗಲೇ ಗೊತ್ತಿರುವವೂ ಇವೆ. 133ನೇ ಹಿಸ್ಟಿಡಿನ್ ಮತ್ತು 209ನೇ ಅಲನಿನ್ ಎರಡನ್ನೂ ವ್ಯಾಲಿನ್ ಮಾಡಿದರೆ ಬಿಸಿಯ ತಾಳಿಕೆ ಏರುತ್ತದೆ. 197ನೇ ಮೆಥಿಯೊನಿನ್ ಬದಲಿಸಿದರೆ ಡಿಟರ್ಜೆಂಟಿನ ಬ್ಲೀಚಿಗೆ ಕಿಣ್ವ ಬಗ್ಗುವುದಿಲ್ಲ. ತಾಳಿಕೆ ಹೆಚ್ಚಿದ ಆವೃತ್ತಿಯನ್ನೇ ನಿಮ್ಮ ಮೂಲವಾಗಿ ಇಟ್ಟುಕೊಂಡು ಶುರು ಮಾಡಿ ಎಂಬುದು ನಮ್ಮ ಒತ್ತಾಯದ ಸಲಹೆ. ಗಟ್ಟಿಮುಟ್ಟಾದ ಕಿಣ್ವ ಸಡಿಲಿಸುವ ಮ್ಯುಟೇಶನ್ನುಗಳನ್ನೂ ತಡೆದುಕೊಳ್ಳುತ್ತದೆ, ಆಗ ಆಯ್ಕೆಗೆ ಹೆಚ್ಚು ಬಾಗಿಲು ತೆರೆಯುತ್ತದೆ.

ಬೇರೆ ಬೇರೆ ಜಾಗಗಳ ಒಳ್ಳೆಯ ಮ್ಯುಟೇಶನ್ನುಗಳನ್ನು ಒಂದೇ ಜೀನಿಗೆ ಸೇರಿಸುವಾಗ ಎರಡೆರಡಾಗಿ ಸೇರಿಸಿ. 1.5 ಪಟ್ಟಿನ ಎರಡು ಸೇರಿ 2.25 ಆಗಲೇಬೇಕೆಂದಿಲ್ಲ, ಹತ್ತಿರ ಹತ್ತಿರ ಕುಳಿತವು ಒಂದನ್ನೊಂದು ಕೆಡಿಸಿ ಒಂದಕ್ಕಿಂತ ಕೆಳಗೂ ಇಳಿಯಬಹುದು.

ಅಲ್ಟ್ರಾವಯಲೆಟ್ ದಾರಿ

ಪಿಸಿಆರ್ ಸೌಕರ್ಯ ಇಲ್ಲದ ಕಾಲೇಜುಗಳಲ್ಲಿ ಬ್ಯಾಸಿಲಸ್ ತಳಿಯನ್ನೇ 254 ನ್ಯಾನೊಮೀಟರ್ ದೀಪದ ಕೆಳಗೆ, ಸುಮಾರು 20 ಸೆಂ.ಮೀ. ದೂರದಲ್ಲಿ, ಮುಚ್ಚಳ ತೆಗೆದ ಪೆಟ್ರಿ ಬಟ್ಟಲಿನಲ್ಲಿ ಇಟ್ಟು ಶೇ. 99 ಸಾಯುವಷ್ಟು ಸೆಕೆಂಡು ಬಿಸಿಲು ತೋರಿಸಿದಂತೆ ತೋರಿಸಿ, ಬದುಕಿದವನ್ನು ಪಿಷ್ಟದ ಅಗರಿನಲ್ಲಿ ಆರಿಸುತ್ತಾರೆ. ಕಣ್ಣು, ಚರ್ಮ ಮುಚ್ಚಿಕೊಳ್ಳಲೇಬೇಕು. ಇದರಿಂದ ಇಳುವರಿ ಏರುವುದು ನಿಜ, ಕಾರ್ಖಾನೆಗೆ ಅದು ಲಾಭವೇ. ಆದರೆ ಇಲ್ಲಿ ತಪ್ಪು ಬೀಳುವುದು ಇಡೀ ಜೀನೋಮಿನ ಮೇಲೆ. ಹೆಚ್ಚಿದ್ದು ಬಹುತೇಕ ಕಿಣ್ವದ ಪ್ರಮಾಣ, ಕಿಣ್ವದ ಚುರುಕಲ್ಲ. ಜೀನ್ ಸೀಕ್ವೆನ್ಸ್ ಮಾಡಿಸದೆ, ಕಿಣ್ವ ಶುದ್ಧಗೊಳಿಸದೆ ಪ್ರಬಂಧದಲ್ಲಿ "ಕಿಣ್ವವನ್ನು ಸುಧಾರಿಸಿದ್ದೇವೆ" ಎಂದು ಬರೆಯಬಾರದು.

ಚುರುಕೋ, ಪ್ರಮಾಣವೋ

ಅದೇ ಪ್ರಶ್ನೆಯನ್ನು ನಿಮ್ಮ ಗೆದ್ದ ಮ್ಯುಟೆಂಟಿಗೂ ಕೇಳಬೇಕು. ನಿಕಲ್ ಕಾಲಮ್ಮಿನಲ್ಲಿ ಶುದ್ಧಗೊಳಿಸಿ, ಇಮಿಡಜೋಲನ್ನು ಡಯಾಲಿಸಿಸ್ ಮಾಡಿ ತೆಗೆದು, ಜೆಲ್ಲಿನಲ್ಲಿ ಸುಮಾರು 55 ಕಿಲೊಡಾಲ್ಟನ್ನಿನ ಒಂದೇ ಪಟ್ಟಿ ಇದೆಯೆಂದು ನೋಡಿ, ಪ್ರೋಟೀನ್ ಅಳೆಯಿರಿ. ಮಿಲಿಲೀಟರಿಗೆ 0.5ರಿಂದ 20 ಮಿಲಿಗ್ರಾಂವರೆಗೆ ಎಂಟು ಪಿಷ್ಟದ ಮಟ್ಟಗಳಲ್ಲಿ ಆರಂಭದ ವೇಗ ಅಳೆದು ಗರಿಷ್ಠ ವೇಗ ಮತ್ತು ಮೈಕೆಲಿಸ್ ಸ್ಥಿರಾಂಕ (ಅದರ ಅರ್ಧ ವೇಗ ಬರುವ ಪಿಷ್ಟದ ಮಟ್ಟ) ತೆಗೆಯಿರಿ. ಮಿಲಿಗ್ರಾಂಗೆ ಇಷ್ಟು ಯೂನಿಟ್ (ಒಂದು ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೊಮೋಲ್ ಸಕ್ಕರೆ) ಎಂಬ ಗರಿಷ್ಠ ವೇಗವನ್ನು ಕಿಲೊಡಾಲ್ಟನ್ ತೂಕದಿಂದ ಗುಣಿಸಿ 60ರಿಂದ ಭಾಗಿಸಿದರೆ ಒಂದು ಕಿಣ್ವದ ಅಣು ಸೆಕೆಂಡಿಗೆ ಎಷ್ಟು ಸಲ ಕಡಿಯುತ್ತದೆ ಎಂದು ಸಿಗುತ್ತದೆ. 1,000 ಯೂನಿಟ್ ಇದ್ದರೆ ಸುಮಾರು 917. ಜೊತೆಗೆ 85 ಡಿಗ್ರಿಯಲ್ಲಿ ಇಟ್ಟು 0, 5, 10, 20, 40, 60 ನಿಮಿಷಕ್ಕೆ ತೆಗೆದು ಉಳಿದ ಚಟುವಟಿಕೆಯ ಗೆರೆ ಎಳೆಯಿರಿ.

ಕೊನೆಗೆ ನಿಜವಾದ ಜೋಳದ ಮೇಲೆ

ಶೀಶೆಯ ಕರಗುವ ಪಿಷ್ಟ ಬೇರೆ, ಜೋಳದ ಪಿಷ್ಟ ಬೇರೆ. 1 ಕೆ.ಜಿ. ಮೆಕ್ಕೆಜೋಳವನ್ನು 2 ಲೀಟರ್ ನೀರು, 4 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ 50 ಡಿಗ್ರಿಯಲ್ಲಿ 40ರಿಂದ 48 ಗಂಟೆ ನೆನೆಸಿ. ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ ತೇಲುವ ಮೊಳಕೆ ತೆಗೆಯಿರಿ. ಮತ್ತೆ ನುಣ್ಣಗೆ ತಿರುಗಿಸಿ 75 ಮೈಕ್ರಾನ್ ಜರಡಿಯಲ್ಲಿ ಸೋಸಿ ತಂಗಲು ಬಿಡಿ. ಬಿಳಿ ಪಿಷ್ಟದ ಮೇಲೆ ಕೂತ ಹಳದಿ ಪದರ ಗ್ಲುಟೆನ್, ಅದನ್ನು ಕೆರೆದು ತೆಗೆದು ನಾಲ್ಕು ಸಲ ತೊಳೆದು 40 ಡಿಗ್ರಿಯಲ್ಲಿ ಒಣಗಿಸಿ. ತೊಳೆಯುವುದರಲ್ಲಿ ಅವಸರ ಮಾಡಿದರೆ ಉಳಿದ ಸಲ್ಫೈಟ್ ಅಯೋಡಿನ್ ಬಣ್ಣವನ್ನೇ ನುಂಗಿ, ಪಿಷ್ಟ ಪೂರ್ತಿ ಕರಗಿತೆಂಬ ಸುಳ್ಳು ತೋರಿಸುತ್ತದೆ.

ಶೇ. 12 ತೇವ ಇರುವ ಪಿಷ್ಟ 170 ಗ್ರಾಂ, ನೀರು 330 ಮಿ.ಲೀ. ಬೆರೆಸಿದರೆ ಶೇ. 30ರ ಹಾಲು. ಪಿಎಚ್ 5.0ಕ್ಕೆ ತಂದು ಮೂಲ ಕಿಣ್ವವನ್ನೂ ಮ್ಯುಟೆಂಟನ್ನೂ ಸಮ ಮಿಲಿಗ್ರಾಂ ಪ್ರೋಟೀನ್ ಲೆಕ್ಕದಲ್ಲಿ ಹಾಕಿ. ಸಮ ಯೂನಿಟ್ ಹಾಕಿದರೆ ನೀವು ಗಳಿಸಿದ ಲಾಭವನ್ನು ನೀವೇ ಅಳಿಸಿದಂತೆ. ಕಲಕುವ ಕಡ್ಡಿ ತಿರುಗುತ್ತಿರಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿ ಏರಲಿ. 60 ಡಿಗ್ರಿವರೆಗೆ ಅದು ಸುಣ್ಣದ ನೀರಿನಂತೆ ಓಡಾಡುತ್ತದೆ. 68ರ ಹತ್ತಿರ ಕಲಕುಕಡ್ಡಿಯ ಸದ್ದು ಬದಲಾಗುತ್ತದೆ, ನಡುವಿನ ಸುಳಿ ಮುಚ್ಚುತ್ತದೆ, 72ಕ್ಕೆ ಮುದ್ದೆ ತಿರುವುವಾಗಿನ ಹಾಗೆ ಗೋಡೆ ಬಿಟ್ಟು ಬರುತ್ತದೆ. ಕಿಣ್ವ ಗೆದ್ದರೆ ಅಲ್ಲಿಂದ ಕೆಲವೇ ನಿಮಿಷದಲ್ಲಿ ಅದು ಅಂಬಲಿಯಾಗಿ ಇಳಿದು ಸುಳಿ ಮತ್ತೆ ತೆರೆದುಕೊಳ್ಳುತ್ತದೆ. ಈ ಗಟ್ಟಿಯಾದ ಕ್ಷಣದಿಂದ ಸುಳಿ ತೆರೆದ ಕ್ಷಣದವರೆಗಿನ ಸಮಯವನ್ನು ಎರಡೂ ಪಾತ್ರೆಗಳಿಗೆ ಬರೆದುಕೊಳ್ಳಿ. 85 ಡಿಗ್ರಿಯಲ್ಲಿ ನಿಲ್ಲಿಸಿ ಹತ್ತು ನಿಮಿಷಕ್ಕೊಮ್ಮೆ ಒಂದು ಹನಿಯನ್ನು ಅಯೋಡಿನ್ ಜೊತೆ ನೋಡಿ: ನೀಲಿ, ನೇರಳೆ, ಆಮೇಲೆ ಕೆಂಪು ಕಂದು. 90 ನಿಮಿಷಕ್ಕೆ ಫೆಹ್ಲಿಂಗ್ ಟೈಟ್ರೇಶನ್ನಿನಲ್ಲಿ ಡೆಕ್ಸ್‌ಟ್ರೋಸ್ ಸಮಾನಾಂಕ (ಪಿಷ್ಟ ಎಷ್ಟರಮಟ್ಟಿಗೆ ಸಕ್ಕರೆಯಾಗಿ ಕಡಿದಿದೆ ಎಂಬ ಅಳತೆ) 10ರಿಂದ 15ರೊಳಗೆ ಬರಬೇಕು.

ಪ್ಲೇಟಿನಲ್ಲಿ ಎರಡು ಪಟ್ಟು ಗೆದ್ದ ಮ್ಯುಟೆಂಟ್ ಇಲ್ಲಿ ಮೂಲಕ್ಕಿಂತ ನಿಧಾನವಾಗಿ ಸುಳಿ ತೆರೆದರೆ, ಅದು ಉದ್ದನೆಯ ಸರಪಳಿಯನ್ನು ನಡುವೆ ಕಡಿಯುವ ಬದಲು ತುಂಡುಗಳ ತುದಿ ಕಡಿದು ಡಿಎನ್‌ಎಸ್ ಬಣ್ಣ ಹೆಚ್ಚಿಸುತ್ತಿದೆ ಎಂದು ಅನುಮಾನಿಸಿ. ಆಗ ಹೊಸ ಲೈಬ್ರರಿ ಮಾಡಲು ಹೋಗಬೇಡಿ. ಮೈನಸ್ 80ರಲ್ಲಿರುವ ಹಳೆಯ ಗ್ಲಿಸರಾಲ್ ಪ್ಲೇಟುಗಳನ್ನೇ ಹೊರತೆಗೆದು, ಸ್ವಂತ ಮಾಡಿಕೊಂಡ ಜೋಳದ ಪಿಷ್ಟದ ಮೇಲೆ, ಡಿಎನ್‌ಎಸ್ ಬದಲು ಅಯೋಡಿನ್ ನೀಲಿ ಎಷ್ಟು ಬೇಗ ಇಳಿಯುತ್ತದೆ ಎಂದು ಮತ್ತೊಮ್ಮೆ ಅಳೆಯಿರಿ.